ರೆಸ್ಯೂಮ್ ದೋಷನಿರ್ಣಯಂ: ಒಂದು ಲಕ್ಷಣಗ್ರಂಥದ ಕರಡು

ಕನ್ನಡಕ್ಕೆ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗ. ಸುಮಾರು 850ರ ಹೊತ್ತಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಸಿದ್ಧವಾದ ಈ ಪುಸ್ತಕದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’. ಅಲಂಕಾರಗಳ ಸರದಿ ಆಮೇಲೆ. ಇದರಿಂದ ಸಿದ್ಧವಾಗುವುದೇನೆಂದರೆ, ಕನ್ನಡಿಗರು ಬರೆಯುವುದನ್ನೂ ಬರೆದವರ ತಪ್ಪು ಹುಡುಕುವುದನ್ನೂ ಹೆಚ್ಚುಕಡಿಮೆ ಒಂದೇ ಮುಹೂರ್ತದಲ್ಲಿ ಆರಂಭಿಸಿದರು. ಆಮೇಲೆ ಛಂದಸ್ಸಿಗೆ ನಾಗವರ್ಮ ಬಂದ, ವ್ಯಾಕರಣಕ್ಕೆ ಕೇಶಿರಾಜ ಬಂದ, ಅಡುಗೆಗೂ ಮೂರನೆಯ ಮಂಗರಸ ಸೂಪಶಾಸ್ತ್ರ ಬರೆದುಕೊಟ್ಟ. ರೆಸ್ಯೂಮಿಗೆ ಮಾತ್ರ ಈವರೆಗೆ ಒಬ್ಬ ಲಾಕ್ಷಣಿಕನೂ ಒದಗಿಲ್ಲ. ಕೊನೆಯ ಸೆಮಿಸ್ಟರಿನ ಹೊತ್ತಿಗೆ ಈ ನಾಡಿನಲ್ಲಿ ಅಷ್ಟೊಂದು ಜನ ಏಕಕಾಲಕ್ಕೆ ಕೂತು ಬರೆಯುವ ಇನ್ನೊಂದು ಸಾಹಿತ್ಯ ಪ್ರಕಾರವನ್ನು ಯಾರಾದರೂ ತೋರಿಸಿದರೆ, ಈ ಪ್ರಬಂಧವನ್ನು ಹಿಂದಕ್ಕೆ ಪಡೆಯಲು ನಾವು ಸಿದ್ಧ.

ರೆಸ್ಯೂಮನ್ನು ಸಾಹಿತ್ಯವೆನ್ನಬಹುದೇ ಎಂದು ಪೂರ್ವಪಕ್ಷಿ ಕೇಳುತ್ತಾನೆ. ತನ್ನಲ್ಲಿಲ್ಲದ ಗುಣಗಳನ್ನು, ಇನ್ನೊಬ್ಬರ ಮಾತಿನಲ್ಲಿ, ಫಲಾಪೇಕ್ಷೆಯಿಂದ ವರ್ಣಿಸುವ ಬರವಣಿಗೆ ಸಾಹಿತ್ಯವಲ್ಲ ಎನ್ನುವುದಾದರೆ ನಮ್ಮ ಆಸ್ಥಾನಕಾವ್ಯಗಳಲ್ಲಿ ಅರ್ಧದಷ್ಟನ್ನು ಪಠ್ಯಕ್ರಮದಿಂದ ತೆಗೆಯಬೇಕಾಗುತ್ತದೆ. ಪೂರ್ವಪಕ್ಷಿ ಸುಮ್ಮನಾಗುತ್ತಾನೆ. ಅವನು ಸುಮ್ಮನಾಗುವುದು ಶಾಸ್ತ್ರದ ನಿಯಮ.

ಆಕರವಿಚಾರ

ಧವಳಾ ಟೀಕೆಯ ತಾಳೆಗರಿಗಳು ಮೂಡಬಿದಿರೆಯ ಬಸದಿಯಲ್ಲಿ ಉಳಿದವು. ರೆಸ್ಯೂಮಿನ ಹಳೆಯ ಪ್ರತಿಗಳು ಉಳಿದಿರುವುದು ಇಂಜಿನಿಯರಿಂಗ್ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ. ಅಂಗಡಿಯಾತ ಎಲ್ಲರ ಪೆನ್‌ಡ್ರೈವಿನಿಂದಲೂ ಕಡತವನ್ನು ಡೆಸ್ಕ್‌ಟಾಪಿಗೆ ಇಳಿಸಿಕೊಂಡು ಪ್ರಿಂಟ್ ಕೊಡುತ್ತಾನೆ. ಅಳಿಸುವುದು ಅವನ ಕರಾರಿನಲ್ಲಿಲ್ಲ. ಹೀಗಾಗಿ ‘ರೆಸ್ಯೂಮ್’, ‘ನ್ಯೂ ರೆಸ್ಯೂಮ್’, ‘ರೆಸ್ಯೂಮ್ ಫೈನಲ್’, ‘ರೆಸ್ಯೂಮ್ ಫೈನಲ್ ಫೈನಲ್ 2’ ಎಂಬ ಕಡತಗಳು ಅಲ್ಲಿ ಪದರಪದರವಾಗಿ ಶೇಖರವಾಗಿವೆ. ಯಾವುದು ಯಾರದು? ತೆರೆದು ನೋಡದೆ ಬ್ರಹ್ಮನಿಗೂ ತಿಳಿಯದು. ಕಂಪನಿಯ ಎಚ್‌ಆರ್ ವಿಭಾಗದ ಕಂಪ್ಯೂಟರಿನಲ್ಲೂ ಇದೇ ಹೆಸರಿನ ಕಡತಗಳ ರಾಶಿ ಇಳಿದಿರುತ್ತದೆ ಎಂಬುದು ಕರ್ತೃವಿಗೆ ಹೊಳೆಯುವುದಿಲ್ಲ. ತನ್ನ ಹೆಸರನ್ನೂ ಹುದ್ದೆಯ ಹೆಸರನ್ನೂ ಕಡತದ ಹೆಸರಿನಲ್ಲೇ ಇಟ್ಟವನು, ಒಳಗೆ ಏನೇ ಬರೆದಿರಲಿ, ಹೊರಗಿನಿಂದಲೇ ಅರ್ಧ ಗೆದ್ದ.

ಈ ಭಂಡಾರದ ಪ್ರತಿಗಳನ್ನು ಸಂಪಾದನಾಶಾಸ್ತ್ರದ ರೀತ್ಯಾ ಪರಿಶೀಲಿಸಿದರೆ ಎಲ್ಲವೂ ಒಂದೇ ಮಾತೃಕೆಯಿಂದ ಇಳಿದುಬಂದಂತೆ ಕಾಣುತ್ತದೆ. ಇಬ್ಬರು ಲಿಪಿಕಾರರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದ್ದರೆ ಇಬ್ಬರೂ ಒಂದೇ ಓಲೆಯನ್ನು ನೋಡಿ ಬರೆದಿದ್ದಾರೆ ಎಂಬುದು ಆ ಶಾಸ್ತ್ರದ ಮೊದಲ ಪಾಠ. ‘ಹಾಬೀಸ್’ ಎಂಬ ಶೀರ್ಷಿಕೆಯಡಿ ‘ಲಿಸನಿಂಗ್ ಮ್ಯೂಸಿಕ್’ ಎಂಬ ಪಾಠ ಹುಬ್ಬಳ್ಳಿಯ ಪ್ರತಿಗಳಲ್ಲೂ ಇದೆ, ಹಾಸನದ ಪ್ರತಿಗಳಲ್ಲೂ ಇದೆ. ನಡುವೆ ಇರಬೇಕಾದ ‘ಟು’ ಎಲ್ಲಿ ಹೋಯಿತು? ಯಾವನೋ ಮೂಲಪುರುಷನ ಕೈಯಲ್ಲಿ ಅದು ಜಾರಿಬಿತ್ತು. ಅವನ ಜೂನಿಯರು, ಜೂನಿಯರಿನ ಜೂನಿಯರು ಅದನ್ನು ಭಕ್ತಿಯಿಂದ ಕಾಪಾಡಿಕೊಂಡು ಬಂದರು. ಇದನ್ನು ನಾವು ‘ಟುಲೋಪ’ ಎಂದು ಕರೆದು, ಕೇಶಿರಾಜನ ಕ್ಷಮೆ ಕೋರಿ, ಲೋಪಸಂಧಿಯ ಪಕ್ಕದಲ್ಲಿ ಇಟ್ಟಿದ್ದೇವೆ. ಆ ಹಾಬಿಯನ್ನು ಉಳ್ಳವರು ನಿಜಕ್ಕೂ ಸಂಗೀತ ಕೇಳುತ್ತಾರೋ ಎಂಬುದು ಸಂಪಾದಕರ ಕೆಲಸವಲ್ಲ, ಸಂದರ್ಶಕರದು. ‘ಯಾವ ರಾಗ ಇಷ್ಟ?’ ಎಂದು ಅವರು ಕೇಳಿಬಿಟ್ಟಾಗ ಆಗುವ ಮೌನಕ್ಕೆ ರಾಗವಿಲ್ಲ.

ಪ್ರತಿ ತೆಗೆಯುವವನ ಹೆಸರು ಗ್ರಂಥದ ಕೊನೆಯ ಪುಷ್ಪಿಕೆಯಲ್ಲಿ ಬರುವುದು ರೂಢಿ. ವರ್ಡ್ ಕಡತದಲ್ಲೂ ಪುಷ್ಪಿಕೆಯುಂಟು, ಆದರೆ ಅದು ಒಳಗೆ ಅಡಗಿರುತ್ತದೆ: ಕಡತದ ಪ್ರಾಪರ್ಟೀಸ್ ತೆರೆದರೆ ‘ಆಥರ್’ ಎಂಬಲ್ಲಿ, ಈ ರೆಸ್ಯೂಮನ್ನು ಯಾವ ಸೀನಿಯರಿನ ಕಂಪ್ಯೂಟರಿನಲ್ಲಿ ಮೊದಲು ಮಾಡಿದ್ದರೋ ಅವನ ನಾಮಧೇಯ ಹಾಗೇ ಕೂತಿರುತ್ತದೆ. ‘ನನ್ನ ಸ್ವಂತಿಕೆಯೇ ನನ್ನ ಶಕ್ತಿ’ ಎಂದು ಬರೆದ ರೆಸ್ಯೂಮಿನಲ್ಲಿ ಇದು ಕಂಡಾಗ ಬರುವ ಆನಂದವನ್ನು ಬ್ರಹ್ಮಾನಂದ ಸಹೋದರ ಎಂದರೂ ತಪ್ಪಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಪ್ರತಿಗಳಲ್ಲಿ ಮೇಲೆ ಒಬ್ಬನ ಹೆಸರು, ಕೆಳಗೆ ಸಹಿಯ ಜಾಗದಲ್ಲಿ ಇನ್ನೊಬ್ಬನ ಹೆಸರು ಇರುತ್ತದೆ. ಇವನ್ನು ಜೋಡಿಕರ್ತೃಕ ಕೃತಿಗಳೆಂದು ಪ್ರತ್ಯೇಕವಾಗಿ ಪಟ್ಟಿ ಮಾಡಬೇಕು.

ಅಪಾರ್ಥಪ್ರಕರಣ

ಕವಿರಾಜಮಾರ್ಗಕ್ಕೆ ಮೇಲ್ಪಂಕ್ತಿಯಾದ ದಂಡಿಯ ಕಾವ್ಯಾದರ್ಶದಲ್ಲಿ ಹತ್ತು ದೋಷಗಳ ಪಟ್ಟಿಯಿದೆ. ಮೊದಲನೆಯದೇ ಅಪಾರ್ಥ: ಬಿಡಿಬಿಡಿಯಾಗಿ ಪ್ರತಿ ಮಾತಿಗೂ ಅರ್ಥವಿದ್ದು, ಒಟ್ಟು ಸೇರಿಸಿದಾಗ ಏನೂ ಆಗದಿರುವುದು. ದಂಡಿ ಏಳನೆಯ ಶತಮಾನದ ಕೊನೆಯ ಸುಮಾರಿನವನು. ‘ಕೆರಿಯರ್ ಆಬ್ಜೆಕ್ಟಿವ್’ ಅನ್ನು ಅವನು ನೋಡಿರಲಿಲ್ಲ. ನೋಡದೆಯೇ ಇಷ್ಟು ನಿಖರವಾಗಿ ಲಕ್ಷಣ ಹೇಳಿದ್ದು ಋಷಿದೃಷ್ಟಿ ಎನ್ನದೆ ವಿಧಿಯಿಲ್ಲ.

ಆ ಸಾಲು ಎಲ್ಲರಿಗೂ ಗೊತ್ತು: ‘ಸವಾಲಿನ ವಾತಾವರಣದಲ್ಲಿ, ನನ್ನ ಕೌಶಲಗಳನ್ನು ಬಳಸಿಕೊಂಡು, ಸಂಸ್ಥೆಯ ಬೆಳವಣಿಗೆಯ ಜೊತೆಗೆ ನನ್ನ ಬೆಳವಣಿಗೆಯನ್ನೂ ಸಾಧಿಸುವುದು.’ ಯಾವ ಸವಾಲು, ಯಾವ ಕೌಶಲ, ಯಾವ ಸಂಸ್ಥೆ? ಬ್ಯಾಂಕಿಗೂ ಹೊಂದುತ್ತದೆ, ಬಿಸ್ಕತ್ತು ಕಾರ್ಖಾನೆಗೂ ಹೊಂದುತ್ತದೆ. ಸವಾಲಿನ ವಾತಾವರಣವೇ ಬೇಕಿದ್ದರೆ ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಸರ್ಕಲ್ಲಿಗೆ ಹೋಗಿ ನಿಲ್ಲಬಹುದು. ಅರ್ಜಿ ಹಾಕುವ ಅಗತ್ಯವಿಲ್ಲ.

ಅಪಾರ್ಥಕ್ಕೆ ದಂಡಿ ವಿನಾಯಿತಿಯನ್ನೂ ಕೊಟ್ಟಿದ್ದಾನೆ. ಹುಚ್ಚರು, ಕುಡಿದವರು, ಮಕ್ಕಳು ಮಾತಾಡುವಾಗ ಅದು ದೋಷವಲ್ಲ. ಕ್ಯಾಂಪಸ್ ಸೆಲೆಕ್ಷನ್ನಿಗೆ ಕೂತವರನ್ನು ನಾಲ್ಕನೆಯ ವರ್ಗವಾಗಿ ಸೇರಿಸಬೇಕೆಂದು ನಮ್ಮ ಶಿಫಾರಸು.

ಈ ಸಾಲು ಯಾಕೆ ಸಾಯುವುದಿಲ್ಲ ಎಂಬುದಕ್ಕೆ ಶಾಸನಗಳಲ್ಲಿ ಉತ್ತರವಿದೆ. ಕರ್ನಾಟಕದ ಅಸಂಖ್ಯ ಶಾಸನಗಳು ಬಾಣನ ಹರ್ಷಚರಿತೆಯ ಒಂದೇ ಶಿವಸ್ತುತಿಯಿಂದ ಶುರುವಾಗುತ್ತವೆ. ಶಾಸನ ಓದುವವರು ಆ ಶ್ಲೋಕ ಕಂಡ ಕೂಡಲೇ ಗುರುತು ಹಿಡಿದು, ಹಾರಿಸಿ, ಕೆಳಗೆ ಶಕವರ್ಷ ಎಲ್ಲಿದೆ, ಯಾರು ಯಾರಿಗೆ ಎಷ್ಟು ಗದ್ದೆ ಕೊಟ್ಟರು ಎಂದು ಹುಡುಕುತ್ತಾರೆ. ಎಚ್‌ಆರ್ ಮಾಡುವುದೂ ಅದನ್ನೇ. ವ್ಯತ್ಯಾಸವೆಂದರೆ ಶಿವನಿಗೆ ಸಲ್ಲಬೇಕಾದ್ದು ಅಲ್ಲಿ ಹೇಗೋ ಸಲ್ಲುತ್ತದೆ. ಇಲ್ಲಿ ಪುಟದ ನೆತ್ತಿಯ ಮೇಲಿನ ಅತ್ಯಂತ ಬೆಲೆಬಾಳುವ ಜಾಗ ಯಾವ ದೇವರಿಗೂ ಸಲ್ಲದೆ ಹೋಗುತ್ತದೆ. ಆ ಜಾಗದಲ್ಲಿ ‘ನಾಲ್ಕು ವರ್ಷದಿಂದ ಆಸ್ಪತ್ರೆ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೇನೆ, ಇನ್ಶೂರೆನ್ಸ್ ಕ್ಲೇಮಿನ ಕೆಲಸ ಬರುತ್ತದೆ’ ಎಂದು ಬರೆದವನನ್ನು ಓದುಗ ಹಾರಿಸಲಾರ.

ಓದುಗನ ಬಳಿ ಹಾರಿಸದೆ ಓದುವಷ್ಟು ಹೊತ್ತಾದರೂ ಎಲ್ಲಿದೆ? ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ತಾಣ, ನೇಮಕ ಮಾಡುವವರ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು, ಮೊದಲ ನೋಟದಲ್ಲಿ ಒಂದು ರೆಸ್ಯೂಮಿಗೆ ಸಿಗುವುದು 6 ಸೆಕೆಂಡ್ ಎಂದು 2012ರಲ್ಲಿ ಹೇಳಿತ್ತು. 2018ರಲ್ಲಿ ಮತ್ತೆ ಅಳೆದಾಗ 7.4 ಸೆಕೆಂಡ್ ಆಯಿತು. ಶನಿಮಹಾರಾಜ ಹಿಡಿದರೆ ಏಳೂವರೆ ವರ್ಷ ಬಿಡುವುದಿಲ್ಲ. ಎಚ್‌ಆರ್ ಏಳೂವರೆ ಸೆಕೆಂಡೂ ಹಿಡಿಯುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚಿನ ಕಾಟ ಎಂಬುದು ಜ್ಯೋತಿಷಿಗಳಿಗೆ ಬಿಟ್ಟದ್ದು.

ಪ್ರಶಸ್ತಿಪ್ರಕರಣ

ಈಗ ನಮ್ಮ ಗ್ರಂಥದ ಹೃದಯಭಾಗಕ್ಕೆ ಬಂದೆವು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಕಾಲದ ಒಂದು ಶಾಸನವಿದೆ. ಕಪ್ಪೆ ಅರಭಟ್ಟನೆಂಬ ಒಬ್ಬನ ವರ್ಣನೆ ಅದು. ಕನ್ನಡದ ತ್ರಿಪದಿ ಮೊದಲು ಕಾಣುವುದು ಅಲ್ಲೇ. ಅಳತೆ ನೋಡಿದರೆ ಇದು ಆದರ್ಶ ರೆಸ್ಯೂಮು: ಹತ್ತೇ ಸಾಲು, ಒಂದೇ ಪುಟ, ಅಂದರೆ ಒಂದೇ ಬಂಡೆ. ತಂದೆಯ ಹೆಸರಿಲ್ಲ, ಶಾಶ್ವತ ವಿಳಾಸವಿಲ್ಲ. ಆತ ಒಳ್ಳೆಯವರಿಗೆ ಒಳ್ಳೆಯವನು, ಶಿಷ್ಟರಿಗೆ ಪ್ರಿಯ, ಕೆಣಕಿದವರಿಗೆ ಬಲು ಕೆಟ್ಟವನು ಎಂಬುದೆಲ್ಲ ಸ್ಪಷ್ಟವಾಗಿದೆ. ಕವಿತೆಯಾಗಿ ಅದನ್ನು ಮೀರಿಸುವುದು ಕಷ್ಟ.

ಆದರೆ ಆತ ಮಾಡಿದ್ದೇನು? ಸೈನ್ಯದಲ್ಲಿದ್ದನೋ, ಊರ ಗೌಡನೋ, ಚಾಲುಕ್ಯರ ಕೈಕೆಳಗಿನ ಅಧಿಕಾರಿಯೋ? ಬಂಡೆಯ ಮೇಲೆ ಗುಣಗಳಿವೆ, ಕೆಲಸವಿಲ್ಲ. ಸಾವಿರದ ಮುನ್ನೂರು ವರ್ಷದಿಂದ ಪಂಡಿತರು ಓದಿದರೂ ಆತನ ಹುದ್ದೆ ಯಾವುದೆಂದು ಹೇಳಲಾಗಿಲ್ಲ. ಗುಣವಾಚಕಗಳಿಂದಲೇ ತುಂಬಿದ ರೆಸ್ಯೂಮಿನ ಗತಿ ಇದು, ಮತ್ತು ಇದು ಅತ್ಯುತ್ತಮ ಕವಿ ಬರೆದುಕೊಟ್ಟ ಪಕ್ಷದಲ್ಲಿ. ‘ಹಾರ್ಡ್ ವರ್ಕಿಂಗ್, ಸೆಲ್ಫ್ ಮೋಟಿವೇಟೆಡ್, ಟೀಮ್ ಪ್ಲೇಯರ್, ಕ್ವಿಕ್ ಲರ್ನರ್’ ಎಂದು ಬರೆಯುವವರಿಗೆ ಬಂಡೆಯೂ ಇಲ್ಲ, ತ್ರಿಪದಿಯೂ ಇಲ್ಲ.

ಇದರ ಎದುರಿಗೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ಇಡಬೇಕು. ಕಾಲ ಸುಮಾರು 950. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಗಂಗ ಬೂತುಗನ ಕಡೆಯ ಮಣಲೆರ ಎಂಬ ವೀರ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಎಂದರೆ, ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕೊಂದು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ರೆಸ್ಯೂಮ್ ಶಾಸ್ತ್ರದ ದೃಷ್ಟಿಯಿಂದ ಕಾಳಿಯ ಕಲ್ಲು ನಿರ್ದೋಷ. ಹೆಸರುಂಟು, ಹುದ್ದೆ ಸ್ಪಷ್ಟವಿದೆ, ಎಲ್ಲಿ ನಡೆಯಿತು ಎಂಬುದಿದೆ, ಎದುರಾಳಿ ಯಾರೆಂಬುದಿದೆ, ಕೆಲಸದ ಪರಿಣಾಮ ಎರಡು ಮಾತಿಲ್ಲದೆ ದಾಖಲಾಗಿದೆ, ರೆಫರೆನ್ಸಿಗೆ ಮಣಲೆರನಿದ್ದಾನೆ, ಅವನಿಗೂ ಮೇಲೆ ರಾಜನಿದ್ದಾನೆ. ಕಾಳಿ ಪರಿಶ್ರಮಿ, ಒತ್ತಡದಲ್ಲೂ ಸಮಾಧಾನದಿಂದ ಕೆಲಸ ಮಾಡುವ ಸ್ವಭಾವದ್ದು ಎಂದು ಎಲ್ಲೂ ಇಲ್ಲ. ಹಂದಿಯನ್ನು ಕೊಂದದ್ದು ಗೊತ್ತಾದ ಮೇಲೆ ಅದನ್ನು ಯಾಕೆ ಹೇಳಬೇಕು?

ಆದ್ದರಿಂದ ನಮ್ಮ ಸೂತ್ರ: ಅರಭಟ್ಟನಂತೆ ಬರೆಯಬೇಡ, ಕಾಳಿಯಂತೆ ಬರೆ. ‘ಟೆಸ್ಟಿಂಗ್‌ನಲ್ಲಿ ಅಪಾರ ಪರಿಣತಿ’ ಎಂಬುದು ಅರಭಟ್ಟ. ‘ಬಿಲ್ಲಿನಲ್ಲಿ ಜಿಎಸ್‌ಟಿ ಎರಡು ಸಲ ಸೇರುತ್ತಿದ್ದುದನ್ನು ಗ್ರಾಹಕರ ಕೈಗೆ ಹೋಗುವ ಮೊದಲೇ ಹಿಡಿದೆ’ ಎಂಬುದು ಕಾಳಿ. ‘ಅತ್ಯುತ್ತಮ ನಾಯಕತ್ವ ಗುಣ’ ಅರಭಟ್ಟ. ‘ಐದು ಜನರ ತಂಡದಲ್ಲಿ ಇಬ್ಬರು ಬಿಟ್ಟುಹೋದ ಮೇಲೂ ಹೇಳಿದ ತಾರೀಕಿಗೆ ಕೆಲಸ ಮುಗಿಸಿದೆವು’ ಕಾಳಿ. ಹಂದಿ ಚಿಕ್ಕದಾದರೂ ಚಿಂತೆಯಿಲ್ಲ.

ಗುಣವಾಚಕಗಳ ಸಹವಾಸದಿಂದ ಇನ್ನೆರಡು ದೋಷಗಳು ತಾವಾಗಿ ಹುಟ್ಟುತ್ತವೆ. ಒಂದೇ ಪುಟದಲ್ಲಿ ‘ಒಂಟಿಯಾಗಿ ಕೆಲಸ ಮಾಡಲು ಇಷ್ಟಪಡುವವನು’, ‘ತಂಡದಲ್ಲಿದ್ದರೇ ಅರಳುವವನು’ ಎರಡೂ ಬಂದರೆ ಅದು ದಂಡಿ ಹೇಳುವ ವ್ಯರ್ಥ, ಅಂದರೆ ಹಿಂದುಮುಂದು ಒಂದಕ್ಕೊಂದು ಬಡಿಯುವುದು. ‘ಶ್ರದ್ಧಾವಂತ, ಸಮರ್ಪಿತ, ನಿಷ್ಠಾವಂತ’ ಸಾಲಾಗಿ ಬಂದರೆ ಏಕಾರ್ಥ. ‘ಸೂಕ್ಷ್ಮ ವಿವರಗಳಿಗೆ ಗಮನ ಕೊಡುವವನು’ ಎಂಬ ಸಾಲಿನಲ್ಲೇ ಕಾಗುಣಿತ ತಪ್ಪಿದ್ದರೆ ಅದು ಶಬ್ದಹೀನವೂ ಹೌದು, ಹಾಸ್ಯರಸವೂ ಹೌದು. ಸ್ಪೆಲ್‌ಚೆಕ್ಕಿನ ಮೇಲೆ ಭಾರ ಹಾಕುವವರು ನೆನಪಿಡಬೇಕು: ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಉದುರಿದರೆ ಮ್ಯಾನೇಜರ್ ಹೋಗಿ ದನಕ್ಕೆ ಮೇವು ಹಾಕುವ ಗೋದಲಿ ಆಗುತ್ತದೆ, ಮತ್ತು ಯಂತ್ರ ಅದನ್ನು ಸರಿಯಾದ ಶಬ್ದವೆಂದೇ ಒಪ್ಪುತ್ತದೆ.

ಧ್ವನಿಯ ವಿಚಾರ ಒಂದಿಷ್ಟು ಹೇಳದಿದ್ದರೆ ಕಾಶ್ಮೀರದ ಆನಂದವರ್ಧನ ಮುನಿಯುತ್ತಾನೆ. ರೆಸ್ಯೂಮಿನ ಕೆಲವು ಮಾತುಗಳಲ್ಲಿ ವಾಚ್ಯಾರ್ಥವೊಂದು, ವ್ಯಂಗ್ಯಾರ್ಥ ಇನ್ನೊಂದು. ‘ಎಕ್ಸ್‌ಪೋಷರ್ ಟು ಕ್ಲೌಡ್’: ಯೂಟ್ಯೂಬಿನಲ್ಲಿ ವಿಡಿಯೋ ನೋಡಿದ್ದೇನೆ, ಪೂರ್ತಿ ನೋಡಿಲ್ಲ. ‘ಇನ್‌ವಾಲ್ವ್ಡ್ ಇನ್ ಮೈಗ್ರೇಷನ್ ಪ್ರಾಜೆಕ್ಟ್’: ಅದು ನಡೆಯುವಾಗ ನಾನೂ ಅದೇ ಮಹಡಿಯಲ್ಲಿದ್ದೆ. ‘ವರ್ಕಿಂಗ್ ನಾಲೆಜ್ ಆಫ್ ಜರ್ಮನ್’: ನಮಸ್ಕಾರ ಹೇಳಬಲ್ಲೆ, ಅವರು ಮತ್ತೆ ಮಾತಾಡಿದರೆ ಓಡಬಲ್ಲೆ. ಸಹೃದಯನು ಧ್ವನಿಯನ್ನು ಗ್ರಹಿಸುತ್ತಾನೆ ಎಂದು ಶಾಸ್ತ್ರ ಹೇಳುತ್ತದೆ. ಈ ವಿಷಯದಲ್ಲಿ ಎಚ್‌ಆರ್‌ನಷ್ಟು ಸಹೃದಯರು ಕಾಶ್ಮೀರದಲ್ಲೂ ಇರಲಿಲ್ಲ.

ಕೂಟಶಾಸನ ಪ್ರಕರಣ

ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಕೂಟ, ಅಂದರೆ ಖೋಟಾ ಎಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ವಾದಿಸಿದ. ಬಿ. ಎಲ್. ರೈಸ್ ಒಪ್ಪಲಿಲ್ಲ; ಇಬ್ಬರಿಗೂ ಬಹುಕಾಲ ಜಗಳ ನಡೆಯಿತು. ಫ್ಲೀಟನ ವಿಧಾನ ಸರಳ: ಬರೆದಿರುವ ಕಾಲ ಒಂದು, ಅಕ್ಷರದ ವರಸೆ ಹೇಳುವ ಕಾಲ ಇನ್ನೊಂದು ಎಂದಾದರೆ ಸಂಶಯಪಡು; ತಿಥಿ ವಾರ ತಾಳೆಯಾಗದಿದ್ದರೆ ಇನ್ನೂ ಸಂಶಯಪಡು. ಇಂದು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವ ಏಜೆನ್ಸಿಯ ಹುಡುಗರಿಗೆ ಫ್ಲೀಟನ ಹೆಸರು ಗೊತ್ತಿಲ್ಲ, ಕೆಲಸ ಮಾತ್ರ ಅದೇ.

ಅವರ ಕೈಯಲ್ಲಿ ಫ್ಲೀಟನ ಬಳಿ ಇಲ್ಲದ ಒಂದು ತಾಮ್ರಪಟವೂ ಇದೆ. 2014ರಲ್ಲಿ ಪಿಎಫ್ ಖಾತೆಗೆ ಯುಎಎನ್ ಎಂಬ ಒಂದೇ ಸಂಖ್ಯೆ ಬಂದ ಮೇಲೆ, ಯಾವ ಕಂಪನಿ ಯಾವಾಗ ಸೇರಿಸಿಕೊಂಡಿತು, ಯಾವಾಗ ಬಿಟ್ಟಿತು ಎಂಬುದೆಲ್ಲ ಒಂದೇ ಕಡೆ ಕಾಣಿಸುತ್ತದೆ. ರೆಸ್ಯೂಮಿನಲ್ಲಿ ಮೂರು ವರ್ಷ, ಪಾಸ್‌ಬುಕ್ಕಿನಲ್ಲಿ ಒಂಬತ್ತು ತಿಂಗಳು ಎಂದಾದರೆ, ವ್ಯಾಖ್ಯಾನಕಾರರು ಪಾಸ್‌ಬುಕ್ಕಿನ ಪಾಠವನ್ನೇ ಒಪ್ಪುತ್ತಾರೆ.

ಕೂಟಶಾಸನ ನಮ್ಮವರ ಗುತ್ತಿಗೆಯೆಂದು ತಿಳಿಯಬಾರದು. ಅಮೆರಿಕದ ಎಂಐಟಿಯಲ್ಲಿ ಪ್ರವೇಶ ವಿಭಾಗದ ಡೀನ್ ಆಗಿದ್ದವರು 2007ರಲ್ಲಿ ರಾಜೀನಾಮೆ ಕೊಟ್ಟರು. 28 ವರ್ಷ ಹಿಂದೆ ಅಲ್ಲಿ ಕೆಲಸಕ್ಕೆ ಸೇರುವಾಗ ಇಲ್ಲದ ಪದವಿಗಳನ್ನು ಇವೆಯೆಂದು ಬರೆದಿದ್ದರು. ಅಷ್ಟು ವರ್ಷ ಅವರು ಪರೀಕ್ಷಿಸುತ್ತಿದ್ದುದು ಮಕ್ಕಳ ಅರ್ಜಿಗಳನ್ನು. 2012ರಲ್ಲಿ ಯಾಹೂ ಕಂಪನಿಯ ಸಿಇಒ ಸೇರಿದ ಕೆಲವೇ ತಿಂಗಳಲ್ಲಿ ಕುರ್ಚಿ ಬಿಡಬೇಕಾಯಿತು. ಅಕೌಂಟಿಂಗ್ ಪದವಿಯ ಪಕ್ಕ ಕಂಪ್ಯೂಟರ್ ಸೈನ್ಸ್ ಎಂದೂ ಬರೆದಿತ್ತು, ಆ ಪದವಿ ಅವರಿಗೆ ಇರಲಿಲ್ಲ.

ದಂಡಿಯ ಪಟ್ಟಿಯ ಕೊನೆಯ ದೋಷ ದೇಶಕಾಲಾದಿ ವಿರೋಧ: ಕಾಲಕ್ಕೆ ಒಪ್ಪದ್ದನ್ನು ಹೇಳುವುದು. 2022ರ ನವೆಂಬರಿನಲ್ಲಿ ಲೋಕಾರ್ಪಣೆಯಾದ ಚಾಟ್‌ಜಿಪಿಟಿಯಲ್ಲಿ ಹತ್ತು ವರ್ಷದ ಅನುಭವ ಬರೆಯುವುದು ಇದಕ್ಕೆ ನಿದರ್ಶನ. ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಈ ದೋಷವನ್ನು ಕಲಿಸಿಕೊಟ್ಟವರು ಕೆಲಸ ಕೊಡುವವರೇ. ಫಾಸ್ಟ್‌ಎಪಿಐ ಎಂಬ ಸಾಫ್ಟ್‌ವೇರ್ ಚೌಕಟ್ಟನ್ನು ಕಟ್ಟಿದ ಸೆಬಾಸ್ಟಿಯನ್ ರಮಿರೆಜ್ 2020ರಲ್ಲಿ ಒಂದು ಜಾಹೀರಾತು ನೋಡಿದರು. ಅದರಲ್ಲಿ ಫಾಸ್ಟ್‌ಎಪಿಐಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚಿನ ಅನುಭವ ಕೇಳಿದ್ದರು. ತಾನದನ್ನು ಸೃಷ್ಟಿಸಿಯೇ ಒಂದೂವರೆ ವರ್ಷವಾಗಿದೆ, ಆದ್ದರಿಂದ ಅರ್ಜಿ ಹಾಕುವಂತಿಲ್ಲ ಎಂದು ಅವರು ಲೋಕಕ್ಕೆ ತಿಳಿಸಿದರು. ಸೃಷ್ಟಿಕರ್ತನಿಗೇ ಅರ್ಹತೆಯಿಲ್ಲದ ಕೆಲಸಕ್ಕೆ ಸುಳ್ಳು ಹೇಳದೆ ಅರ್ಜಿ ಹಾಕುವವರು ಯಾರು? ಜಾಹೀರಾತಿನ ದೋಷನಿರ್ಣಯಕ್ಕೆ ಪ್ರತ್ಯೇಕ ಗ್ರಂಥವೇ ಬೇಕು. ಅದಕ್ಕೆ ಆಸ್ಥಾನದ ಪೋಷಣೆ ಸಿಗುವಂತೆ ಕಾಣುವುದಿಲ್ಲ.

ಸಂಧಿ ಕೆಟ್ಟಿರುವ ದೋಷವಾದ ವಿಸಂಧಿಯೂ ಈ ಪ್ರಕರಣಕ್ಕೇ ಸೇರುತ್ತದೆ. ಎರಡು ಕೆಲಸಗಳ ನಡುವೆ ಬಿದ್ದ ಅಂತರವನ್ನು ಮುಚ್ಚಲು ಜನ ಒಂದು ಕೆಲಸವನ್ನು ಹಿಂದಕ್ಕೂ ಇನ್ನೊಂದನ್ನು ಮುಂದಕ್ಕೂ ಎಳೆದು ಸಂಧಿ ಮಾಡುತ್ತಾರೆ. ಸಂಧಿಯಾಗದ ಕಡೆ ಮಾಡಿದ ಸಂಧಿ ಕಿವಿಗೆ ಕಟು. ಅಂತರಕ್ಕೆ ಕಾರಣವಿದ್ದರೆ ಒಂದು ಸಾಲು ಸಾಕು: ತಾಯಿಯ ಚಿಕಿತ್ಸೆ, ಹೆರಿಗೆ, ಇಲ್ಲವೇ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದಿದ್ದು. 2024ರ ಆಗಸ್ಟಿನಲ್ಲಿ ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆ, ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದ ತಪ್ಪುಗಳಿಂದಾಗಿ, ಡಿಸೆಂಬರಿನಲ್ಲಿ ಮತ್ತೆ ನಡೆಯಿತು. ಅಂಥವರ ರೆಸ್ಯೂಮಿನಲ್ಲಿ ಅಂತರವಿಲ್ಲದಿದ್ದರೆ ಸಂಶಯಪಡಬೇಕು.

ಚಿತ್ರಪ್ರಕರಣ

ಮಮ್ಮಟ ಕಾವ್ಯವನ್ನು ಉತ್ತಮ, ಮಧ್ಯಮ, ಅಧಮವೆಂದು ಮೂರಾಗಿ ವಿಂಗಡಿಸಿ, ಚಿತ್ರಕಾವ್ಯವನ್ನು ಕೊನೆಯದಕ್ಕೆ ತಳ್ಳಿದ. ಅವನು ಕ್ಯಾನ್ವಾದ ಟೆಂಪ್ಲೇಟುಗಳನ್ನು ನೋಡಿದ್ದರೆ ನಾಲ್ಕನೆಯ ದರ್ಜೆಯನ್ನೂ ತೆರೆಯುತ್ತಿದ್ದ. ಎಡಕ್ಕೊಂದು ನೀಲಿ ಪಟ್ಟಿ, ಅದರಲ್ಲಿ ದುಂಡಗಿನ ಫೋಟೋ, ಕೆಳಗೆ ಚಿಕ್ಕಚಿಕ್ಕ ಚಿಹ್ನೆಗಳು, ಅದರ ಕೆಳಗೆ ಕೌಶಲದ ನಕ್ಷತ್ರಗಳು: ಜಾವಾ ನಾಲ್ಕು, ಎಕ್ಸೆಲ್ ಮೂರೂವರೆ, ಕನ್ನಡ ಐದು. ಕೆಲವರು ಶೇಕಡಾವಾರು ಕೊಡುತ್ತಾರೆ. ಜಾವಾ 80 ಎಂದರೆ ಬಾರದಿರುವ 20 ಯಾವುದು? ಕಂಪನಿಗೆ ಬೇಕಾದ್ದು ಆ ಇಪ್ಪತ್ತರಲ್ಲೇ ಇದ್ದರೆ?

ರೆಸ್ಯೂಮನ್ನು ಮನುಷ್ಯ ನೋಡುವ ಮೊದಲು ಈಗ ಎಷ್ಟೋ ಕಡೆ ಎಟಿಎಸ್ ಎಂಬ ಸಾಫ್ಟ್‌ವೇರ್ ನೋಡುತ್ತದೆ. ಅದು ಅಕ್ಷರಪಂಡಿತ, ಚಿತ್ರ ಕಂಡರೆ ಮಂಕಾಗುತ್ತದೆ. ಎರಡು ಕಾಲಂ ಇದ್ದರೆ ಎಡದ ಸಾಲನ್ನೂ ಬಲದ ಸಾಲನ್ನೂ ಒಟ್ಟಿಗೆ ಓದಿಬಿಡುವ ಸಂಭವವುಂಟು. ಆಗ ‘ಬಿಇ, ಮೆಕ್ಯಾನಿಕಲ್, ತಾಯಿಯ ಹೆಸರು ಟಾಟಾ’ ಎಂಬಂಥ ಪಾಠಾಂತರಗಳು ಹುಟ್ಟುತ್ತವೆ. ಫೋಟೋದೊಳಗೆ ಬರೆದ ಫೋನ್ ನಂಬರು ಅದಕ್ಕೆ ಕಾಣದು. ಸಾದಾ ತಲೆಬರಹ, ಒಂದೇ ಕಾಲಂ, ಪಠ್ಯವನ್ನು ಪಠ್ಯವಾಗಿಯೇ ಉಳಿಸಿದ ಪಿಡಿಎಫ್: ಇಷ್ಟಕ್ಕೆ ಆ ಪಂಡಿತ ತೃಪ್ತ.

ಚತುರರು ಇದಕ್ಕೊಂದು ಮಾರ್ಗ ಕಂಡುಕೊಂಡಿದ್ದಾರೆ. ಜಾಹೀರಾತಿನ ಎಲ್ಲ ಪದಗಳನ್ನೂ ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಯಂತ್ರಕ್ಕೆ ಕಾಣುತ್ತದೆ, ಮನುಷ್ಯನಿಗೆ ಕಾಣುವುದಿಲ್ಲ. ಮೂರು ಪಾದಗಳೊಳಗೆ ನಾಲ್ಕನೆಯದನ್ನು ಬಚ್ಚಿಡುವ ಗೂಢಚತುರ್ಥದ ಪರಂಪರೆಗೆ ಇದು ಸೇರಬೇಕು. ಆದರೆ ಪ್ರಾಚೀನ ಕವಿಯ ಗೂಢವನ್ನು ಬಿಡಿಸಿದಾಗ ಸಭೆ ತಲೆದೂಗುತ್ತಿತ್ತು. ಇಲ್ಲಿ ಯಾರೋ ಒಬ್ಬರು ಕಂಟ್ರೋಲ್ ಮತ್ತು ಎ ಒತ್ತಿದರೆ ಬಿಳಿಯೆಲ್ಲ ನೀಲಿಯಾಗಿ ಬಯಲಿಗೆ ಬರುತ್ತದೆ, ತಲೆದೂಗುವವರಿರುವುದಿಲ್ಲ.

ಔಚಿತ್ಯ

ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಹೇಳಿದ: ಒಡ್ಯಾಣವನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ಕಟ್ಟಿಕೊಂಡರೆ ಯಾರು ನಗುವುದಿಲ್ಲ? ಒಂದೇ ರೆಸ್ಯೂಮನ್ನು ಐವತ್ತು ಕಡೆ ಕಳಿಸುವವರು ಈ ಒಡವೆಗಳನ್ನು ಕಣ್ಣುಮುಚ್ಚಿ ತೊಡುತ್ತಾರೆ. ಕವರಿಂಗ್ ಲೆಟರಿನಲ್ಲಿ ಪಕ್ಕದ ಕಂಪನಿಯ ಹೆಸರನ್ನು ಉಳಿಸಿಕೊಂಡು ‘ನಿಮ್ಮಲ್ಲೇ ದುಡಿಯಬೇಕೆಂಬುದು ಬಾಲ್ಯದ ಕನಸು’ ಎನ್ನುತ್ತಾರೆ.

ಔಚಿತ್ಯಕ್ಕೆ ಉದಾಹರಣೆ ಮಿಲಾನಿನಿಂದ. 1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಅಲ್ಲಿನ ಒಡೆಯ ಲುದೊವಿಕೊ ಸ್ಫೋರ್ಜಾನಿಗೆ ಒಂದು ಪತ್ರ ಸಿದ್ಧಪಡಿಸಿದ; ಅದರ ಕರಡು ಉಳಿದಿದೆ. ಸ್ಫೋರ್ಜಾನಿಗೆ ಯುದ್ಧದ ತಲೆಬಿಸಿ. ಆದ್ದರಿಂದ ಲಿಯೊನಾರ್ಡೊ ಅಂಶಅಂಶವಾಗಿ ಹೇಳಿದ್ದು ಎತ್ತಿಕೊಂಡು ಹೋಗಬಹುದಾದ ಹಗುರ ಸೇತುವೆ, ಕಂದಕದ ನೀರು ಬತ್ತಿಸುವ ಉಪಾಯ, ಸುರಂಗ, ತೋಪು, ಮುಚ್ಚಿದ ರಥ. ಶಾಂತಿಕಾಲದಲ್ಲಾದರೆ ಕಟ್ಟಡ ಕಟ್ಟಬಲ್ಲೆ, ನೀರು ಹರಿಸಬಲ್ಲೆ ಎಂದು ಆಮೇಲೆ. ಶಿಲ್ಪ ಮಾಡಬಲ್ಲೆ, ಚಿತ್ರವನ್ನೂ ಯಾರಿಗೂ ಕಡಿಮೆಯಿಲ್ಲದಂತೆ ಬರೆಯಬಲ್ಲೆ ಎಂಬುದು ಬರುವುದು ಕೊನೆಕೊನೆಯಲ್ಲಿ. ನಂಬಿಕೆಯಾಗದಿದ್ದರೆ ನಿಮ್ಮ ತೋಟದಲ್ಲೇ ಮಾಡಿ ತೋರಿಸುತ್ತೇನೆ ಎಂದು ಮುಗಿಸಿದ. ಆ ಯಂತ್ರಗಳಲ್ಲಿ ಎಷ್ಟನ್ನು ಆತ ಅದುವರೆಗೆ ನಿಜಕ್ಕೂ ಕಟ್ಟಿದ್ದ ಎಂದು ಕೇಳುವವರು ಕೂಟಶಾಸನ ಪ್ರಕರಣಕ್ಕೆ ಹಿಂದಿರುಗತಕ್ಕದ್ದು. ನಮ್ಮ ಕಡೆಯವರಾಗಿದ್ದರೆ ಅದೇ ಪತ್ರವನ್ನು ‘ಹಾಬೀಸ್: ಪೇಂಟಿಂಗ್’ ಎಂದು ಮುಗಿಸುತ್ತಿದ್ದರು.

ವಂಶಾವಳಿ ಮತ್ತು ಶಾಪಾಶಯ

ತಂದೆಯ ಹೆಸರು, ಹುಟ್ಟಿದ ದಿನ, ವಿವಾಹಿತರೇ, ಧರ್ಮ, ಜಾತಿ, ಪಾಸ್‌ಪೋರ್ಟ್ ಸಂಖ್ಯೆ. ಇವೆಲ್ಲ ರೆಸ್ಯೂಮಿಗೆ ಎಲ್ಲಿಂದ ಬಂದವು ಎಂಬುದರಲ್ಲಿ ಎರಡು ಮತ. ಸರ್ಕಾರಿ ಅರ್ಜಿ ನಮೂನೆಯಿಂದ ಎಂದು ಒಂದು ಪಕ್ಷ. ಮದುವೆಯ ಬಯೋಡೇಟಾದಿಂದ ಎಂದು ಇನ್ನೊಂದು. ಎರಡೂ ಒಂದೇ ಫೋಲ್ಡರಿನಲ್ಲಿರುವ ಮನೆಗಳಲ್ಲಿ ‘ಎತ್ತರ ಐದಡಿ ಏಳಂಗುಲ, ಗೋಧಿ ಬಣ್ಣ, ಮೃಗಶಿರಾ ನಕ್ಷತ್ರ’ ಎಂಬುದು ಸಾಫ್ಟ್‌ವೇರ್ ಕಂಪನಿಗೂ, ‘ನೋಟಿಸ್ ಪೀರಿಯಡ್ ಅರವತ್ತು ದಿನ’ ಎಂಬುದು ಕನ್ಯಾಪಿತೃವಿಗೂ ಹೋಗಿರುವುದುಂಟು ಎನ್ನುವುದರಿಂದ ಎರಡನೆಯ ಪಕ್ಷವೇ ಬಲವಾದದ್ದು. ಆಧಾರ್, ಪ್ಯಾನ್ ಸಂಖ್ಯೆಗಳನ್ನು ಅಚ್ಚು ಮಾಡುವವರಿಗೆ ಶಾಸ್ತ್ರದ ಭಾಷೆ ಬಿಟ್ಟು ಹೇಳುತ್ತೇವೆ: ಬೇಡ. ಆ ಕಾಗದ ಎಷ್ಟು ಕೈ ದಾಟುತ್ತದೆಂದು ನಿಮಗೆ ಗೊತ್ತಿರುವುದಿಲ್ಲ.

ಇನ್ನು ಕೊನೆಯ ಡಿಕ್ಲರೇಶನ್. ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಎಂಬ ಪ್ರಮಾಣ. ಅದರ ಕೆಳಗೆ ಸ್ಥಳ, ದಿನಾಂಕ. ದಿನಾಂಕ ಸಾಮಾನ್ಯವಾಗಿ ಖಾಲಿ. ಇಲ್ಲವೇ ಎರಡು ವರ್ಷ ಹಳೆಯದು. ಶಾಸನಗಳ ಕೊನೆಯಲ್ಲೂ ಇಂಥದ್ದೇ ಒಂದು ಭಾಗವಿದೆ. ಸುಮಾರು 450ರ ಹಲ್ಮಿಡಿಯಲ್ಲೇ, ಇದನ್ನು ಅಳಿಸಿದವರಿಗೆ ಮಹಾಪಾತಕ ಎಂಬ ಎಚ್ಚರಿಕೆಯುಂಟು. ಮುಂದೆ ಅದು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದವರೆಗೆ ಬೆಳೆಯಿತು. ಆದರೆ ಅಲ್ಲಿ ಬರೆಸಿದವನು ಶಾಪ ಹಾಕುವುದು ತಪ್ಪು ಮಾಡುವ ಇನ್ನೊಬ್ಬನಿಗೆ. ರೆಸ್ಯೂಮಿನಲ್ಲಿ ಯಾರೂ ಕೇಳದಿದ್ದರೂ ತನ್ನ ಕೊರಳಿಗೆ ತಾನೇ ಆಣೆ ಕಟ್ಟಿಕೊಳ್ಳುತ್ತಾನೆ. ಜಗತ್ತಿನ ಶಾಸನಶಾಸ್ತ್ರದಲ್ಲಿ ಇದಕ್ಕೆ ಸಮಾನವಾದದ್ದು ನಮಗೆ ಸಿಕ್ಕಿಲ್ಲ. ಖಾಸಗಿ ಕಂಪನಿಗೆ ಅರ್ಜಿ ಹಾಕುವವರು ಆ ನಾಲ್ಕು ಸಾಲಿನ ಜಾಗವನ್ನು ಉಳಿಸಿ, ಇನ್ನೊಂದು ಹಂದಿಯನ್ನು ಬರೆಯಬಹುದು.

ಅಂಕಿತ, ಅಂದರೆ ಇಮೇಲ್ ವಿಳಾಸ. ವಚನಕಾರರ ಅಂಕಿತ ಜೀವನಪರ್ಯಂತ ಬದಲಾಗದು. ಪಿಯುಸಿಯಲ್ಲಿದ್ದಾಗ ಇಟ್ಟುಕೊಂಡ ‘ಕ್ಯೂಟ್ ರೌಡಿ’ ಎಂಬ ಅಂಕಿತಕ್ಕೆ ಆ ನಿಯಮ ಅನ್ವಯಿಸುವುದಿಲ್ಲ.

ಅದೋಷಪ್ರಕರಣ

ಪರಿಚ್ಛೇದದ ಹೆಸರು ದೋಷಾದೋಷ ಎಂದಿರುವುದನ್ನು ಬಲ್ಲ ಓದುಗರು ಮರೆತಿರಲಾರರು. ಒಂದೊಂದು ಸಂದರ್ಭದಲ್ಲಿ ದೋಷವು ದೋಷವಾಗಿ ಉಳಿಯುವುದಿಲ್ಲ. ಅಂಥ ಸಂದರ್ಭ ರೆಸ್ಯೂಮಿಗೆ ಒಂದೇ ಒಂದು. ಅದರ ಹೆಸರು ರೆಫರಲ್. ಐಟಿ ಕಂಪನಿಗಳು ಪರಿಚಿತರನ್ನು ತಂದು ಸೇರಿಸಿದ ಉದ್ಯೋಗಿಗೆ ಬೋನಸ್ಸನ್ನೂ ಕೊಡುವುದರಿಂದ, ಇಲ್ಲಿ ವ್ಯಾಖ್ಯಾನಕಾರನಿಗೂ ದಕ್ಷಿಣೆ ಸಲ್ಲುತ್ತದೆ. ಈ ನಿಲುವಿಗೆ ಪ್ರಮಾಣವಾಗಿ ಒಂದು ಫೋನ್ ಸಂವಾದವನ್ನು ಕೊಡುತ್ತೇವೆ. ಕರೆ ಮಾಡಿದವನು ತುಮಕೂರಿನಲ್ಲಿ, ಎತ್ತಿದವನು ವೈಟ್‌ಫೀಲ್ಡಿನಲ್ಲಿ. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು.

‘ಅಣ್ಣಾ, ರೆಸ್ಯೂಮ್ ಯಾವ ಫಾರ್ಮ್ಯಾಟಲ್ಲಿ ಕಳಿಸ್ಲಿ? ಒಂದು ಪೇಜಾ, ಎರಡಾ? ಆಬ್ಜೆಕ್ಟಿವ್ ತೆಗೀಬೇಕಂತೆ ಹೌದಾ?’

‘ಯಾವುದೋ ಒಂದು ಕಳ್ಸೋ. ಫಾರ್ಮಾಲಿಟಿಗೆ ಅಷ್ಟೇ. ಮ್ಯಾನೇಜರ್ ಹತ್ರ ಮಾತಾಡಿದೀನಿ.’

ಸಂಜೆ.

‘ಅಣ್ಣಾ, ಮೇಲ್ ಮಾಡಿದೀನಿ. ಬಂತಾ?’

‘ಬಂತು ಬಂತು. ರೆಸ್ಯೂಮ್ ಅಟ್ಯಾಚ್ ಮಾಡೋದೇ ಮರ್ತಿದೀಯ. ಇರ್ಲಿ ಬಿಡು, ಸೋಮವಾರ ಬರ್ತಾ ಒಂದು ಪ್ರಿಂಟ್ ತಗೊಂಡ್ ಬಾ.’